ಪೆನ್ಸಿಲ್ವೇನಿಯಾದ ಪರವಾನಗಿ ಇದ್ದರೆ ನ್ಯೂಜೆರ್ಸಿಗೆ ಪಿಸ್ತೂಲು ಒಯ್ಯಬಹುದೇ? ಗೊತ್ತಿಲ್ಲದೆ ತಪ್ಪಾದರೆ ಬಿಡುತ್ತಾರೆಯೇ?

ಮುಂದಿನ ತಿಂಗಳು ನ್ಯೂಜೆರ್ಸಿಯಲ್ಲಿ ನಡೆಯುವ ಉಪನಯನಕ್ಕೆ ಪಿಸ್ತೂಲು ಒಯ್ಯುವ ಬಗ್ಗೆ ಕೇಳುತ್ತ “ಗುಂಡು ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ ಡಿಕ್ಕಿಯಲ್ಲಿಟ್ಟರೆ ಸಾಕಲ್ಲವೇ” ಎಂದು ನೀವು ಬರೆದಿರುವ ಸಾಲನ್ನು ಓದುತ್ತಿದ್ದಂತೆ ನನಗೆ 2017ರ ಅಕ್ಟೋಬರ್ ನೆನಪಾಯಿತು. ನಾನೂ ಅಷ್ಟನ್ನೇ, ಅದೇ ಕ್ರಮದಲ್ಲಿ ಮಾಡಿದ್ದೆ.

ಆಗ ನಾವು ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿದ್ದೆವು. ನನ್ನ ಬಳಿ ಗ್ರೀನ್ ಕಾರ್ಡ್, ಒಂದು ಪಿಸ್ತೂಲು ಮತ್ತು ಅದನ್ನು ಒಯ್ಯಲು ಪೆನ್ಸಿಲ್ವೇನಿಯಾ ಕೊಟ್ಟ ಪರವಾನಗಿ ಇದ್ದವು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನನ್ನ ಷಡ್ಡಕರ ಮಗಳ ನಾಮಕರಣವಿದ್ದ ವಾರವೇ ನಮ್ಮ ಮನೆಯಲ್ಲಿ ಗೆಳೆಯರ ಕುಟುಂಬವೊಂದು ಇಬ್ಬರು ಗಂಡುಮಕ್ಕಳ ಸಮೇತ ಬೀಡುಬಿಟ್ಟಿತ್ತು. ಬೀರುವನ್ನೆಲ್ಲ ತಡಕಾಡುವ ಆ ಹುಡುಗರಿರುವ ಮನೆಯಲ್ಲಿ ಪಿಸ್ತೂಲು ಬಿಟ್ಟುಹೋಗುವುದಕ್ಕಿಂತ ಜೊತೆಯಲ್ಲಿ ಒಯ್ಯುವುದೇ ಜವಾಬ್ದಾರಿಯ ಕೆಲಸವೆಂದು ನನಗೆ ತೋರಿತು. ಎರಡು ರಾತ್ರಿ ಉಳಿದು ಹಿಂದಿರುಗುವಾಗ, ಕಾರಿನ ಹಿಂದಿನ ದೀಪವೊಂದು ಉರಿಯುತ್ತಿಲ್ಲವೆಂದು ಪೊಲೀಸರು ನಿಲ್ಲಿಸಿದರು. ಆಯುಧವೇನಾದರೂ ಇದೆಯೇ ಎಂದು ಕೇಳಿದರು, ಇದೆ ಎಂದೆ. ಎಲ್ಲಿಂದ ಬರುತ್ತಿದ್ದೀರಿ ಎಂದರು. ನೆಂಟರ ಮನೆಯಲ್ಲಿ ಎರಡು ದಿನ ಇದ್ದೆವು ಎಂದೆ. ಹೆಂಡತಿ ಹೋಳಿಗೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಂತೆ ನನ್ನ ಕೈಗೆ ಕೋಳ ಬಿತ್ತು.

ನನ್ನ ತಪ್ಪು ಯಾವುದೆಂದು ಬಿಡಿಸಿ ಹೇಳಲೇಬೇಕು, ಏಕೆಂದರೆ ಎಲ್ಲರೂ ಅದನ್ನು ತಪ್ಪಾಗಿಯೇ ಊಹಿಸುತ್ತಾರೆ. ಪೆನ್ಸಿಲ್ವೇನಿಯಾದ ಪರವಾನಗಿ ಎರಡು ರಾಜ್ಯಗಳ ಗಡಿಯಾದ ಡೆಲವೇರ್ ನದಿಯ ಆಚೆ ನಡೆಯದೆಂಬುದು ನನಗೆ ಗೊತ್ತಿತ್ತು. ನಾನು ನೆಚ್ಚಿಕೊಂಡಿದ್ದು ಬಂದೂಕು ಮಾಲೀಕರ ರಕ್ಷಣೆಗೆಂದು 1986ರಲ್ಲಿ ಬಂದ, ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾಯ್ದೆಯನ್ನು. ಗುಂಡು ತುಂಬಿರಬಾರದು, ಕುಳಿತಲ್ಲಿಂದ ಕೈಗೆ ಎಟುಕಬಾರದು, ಡಿಕ್ಕಿಯಿಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು ಎಂಬ ಷರತ್ತುಗಳನ್ನೆಲ್ಲ ಪಾಲಿಸಿದ್ದೆ. ಆದರೆ ಆ ಕಾಯ್ದೆ ರಕ್ಷಿಸುವುದು ರಾಜ್ಯವನ್ನು ಹಾದುಹೋಗುವವನನ್ನು. ಅಲ್ಲಿಗೇ ಬಂದು ತಂಗುವವನನ್ನಲ್ಲ. ಹೊರಟ ಊರಿನಲ್ಲೂ ತಲುಪುವ ಊರಿನಲ್ಲೂ ಆ ಆಯುಧವನ್ನು ಇಟ್ಟುಕೊಳ್ಳುವ, ಒಯ್ಯುವ ಹಕ್ಕು ನಿಮಗಿರಬೇಕು. ನಾನು ತಲುಪಬೇಕಾಗಿದ್ದ ಊರೇ ಎಡಿಸನ್. ಹೀಗಾಗಿ ನನ್ನ ಬೀಗ, ಪೆಟ್ಟಿಗೆ, ಡಿಕ್ಕಿ ಯಾವುದಕ್ಕೂ ಆ ಕಾಯ್ದೆಯಡಿ ಬೆಲೆಯಿರಲಿಲ್ಲ. ಹೇಗೆ ಒಯ್ಯಬೇಕೆಂಬ ವಾಕ್ಯವನ್ನು ಹತ್ತು ಸಲ ಓದಿದ್ದ ನಾನು, ಯಾರು ಒಯ್ಯಬಹುದೆಂಬ ಅದರ ಹಿಂದಿನ ವಾಕ್ಯದ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ.

ಹಾದುಹೋಗುವವರೂ ನಿಶ್ಚಿಂತರಲ್ಲ. ಯೂಟಾದ ಗ್ರೆಗ್ ರೆವೆಲ್ 2005ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿ, ಪಿಸ್ತೂಲಿದ್ದ ಚೀಲವನ್ನು ಹೋಟೆಲಿಗೆ ಒಯ್ದು, ಮರುದಿನ ವಿಮಾನ ನಿಲ್ದಾಣದಲ್ಲಿ ತಾವಾಗಿಯೇ ಅದನ್ನು ಘೋಷಿಸಿ ಬಂಧನಕ್ಕೊಳಗಾದರು. ಆರೋಪ ಬಿದ್ದುಹೋಯಿತು. ಆದರೆ ಬಂಧನದ ವಿರುದ್ಧ ಅವರು ಹೂಡಿದ ದಾವೆಯಲ್ಲಿ, ರಾತ್ರಿಯಿಡೀ ಚೀಲ ಕೈಗೆ ಎಟುಕುವಂತಿದ್ದುದರಿಂದ ಆ ಕಾಯ್ದೆಯ ರಕ್ಷಣೆ ಅನ್ವಯಿಸದೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು.

ನನ್ನ ಮೇಲೆ ಹೊರಿಸಿದ್ದು ಎರಡನೆಯ ದರ್ಜೆಯ ಅಪರಾಧ. ಶಿಕ್ಷೆ ಐದರಿಂದ ಹತ್ತು ವರ್ಷ, ಅದರಲ್ಲಿ ಕನಿಷ್ಠ 42 ತಿಂಗಳು ಪೆರೋಲ್ ಇಲ್ಲ. ಅಂಗಡಿ ದೋಚಲು ಹೊರಟವನನ್ನೂ ನಾಮಕರಣಕ್ಕೆ ಹೊರಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಕಾನೂನು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನನ್ನನ್ನು ಉಳಿಸಿದ್ದು ನನ್ನ ಒಳ್ಳೆಯತನವಲ್ಲ, ಫಿಲಡೆಲ್ಫಿಯಾದ ಶನೀನ್ ಆ್ಯಲನ್ ಎಂಬ ಇಬ್ಬರು ಮಕ್ಕಳ ತಾಯಿ. 2013ರಲ್ಲಿ ಆಕೆ ನನ್ನಂತೆಯೇ ಪೊಲೀಸರಿಗೆ ನಿಜ ಹೇಳಿ ಸಿಕ್ಕಿಕೊಂಡ ಪ್ರಕರಣ ದೊಡ್ಡ ಸುದ್ದಿಯಾದ ಮೇಲೆ, ಹೊರರಾಜ್ಯದ ಪರವಾನಗಿದಾರರ ವಿಷಯದಲ್ಲಿ ಕಠಿಣ ಶಿಕ್ಷೆಯೇ ಆಗಬೇಕೆಂದಿಲ್ಲ ಎಂದು 2014ರಲ್ಲಿ ಪ್ರಾಸಿಕ್ಯೂಟರ್‌ಗಳಿಗೆ ಸ್ಪಷ್ಟೀಕರಣ ಹೊರಟಿತು. 2015ರಲ್ಲಿ ನ್ಯೂಜೆರ್ಸಿಯ ಆಗಿನ ಗವರ್ನರ್ ಕ್ರಿಸ್ಟಿ ಆಕೆಗೆ ಕ್ಷಮಾದಾನ ಕೊಟ್ಟರು. ಆ ಸ್ಪಷ್ಟೀಕರಣ ಹಿಡಿದು ನನ್ನ ವಕೀಲರು ಮೊದಲು ಆರೋಪವನ್ನು ಕೆಳಗಿನ ದರ್ಜೆಗೆ ಇಳಿಸಿಸಿ, ತಪ್ಪೊಪ್ಪಿಗೆ ಬರೆದುಕೊಡದೆಯೇ, ವಿಚಾರಣೆಗೆ ಮೊದಲೇ ಮೇಲ್ವಿಚಾರಣೆಯಲ್ಲಿಟ್ಟು, ಅದು ಸರಿಯಾಗಿ ಮುಗಿದರೆ ಆರೋಪ ಕೈಬಿಡುವ ಕಾರ್ಯಕ್ರಮಕ್ಕೆ ನನ್ನನ್ನು ಸೇರಿಸಿದರು. ಅಷ್ಟರಲ್ಲಿ ಹನ್ನೊಂದು ತಿಂಗಳು ಕಳೆದಿದ್ದವು, ಪಿಸ್ತೂಲು ಹೋಗಿತ್ತು, ಊರಿನ ಸೈಟಿಗೆಂದು ಕೂಡಿಸಿದ್ದ ಹಣವೂ ಹೋಗಿತ್ತು.

ತಪ್ಪೊಪ್ಪಿಗೆ ಬರೆದುಕೊಡಲಿಲ್ಲ ಎಂದು ಒತ್ತಿ ಹೇಳಲು ಕಾರಣವಿದೆ. ನೀವೂ ಗ್ರೀನ್ ಕಾರ್ಡಿನವರು. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೆ ಅದೊಂದೇ ಸಾಕು; ವಲಸೆ ಕಾನೂನಿನ ಕಣ್ಣಿಗೆ ತಪ್ಪೊಪ್ಪಿಗೆಯೂ ಹಲವು ಸಲ ಸಾಬೀತಾದಂತೆಯೇ. ಅಪರಾಧವಷ್ಟನ್ನೇ ಬಲ್ಲ, ವಲಸೆಯ ವಿಷಯ ತಿಳಿಯದ ವಕೀಲರು ಸುಲಭದ ದಾರಿಯೆಂದು ತೋರಿಸಿದ್ದಕ್ಕೆ ಸಹಿ ಹಾಕಬೇಡಿ. ಪೌರತ್ವದ ಅರ್ಜಿಯಲ್ಲಿ ನನ್ನ ಬಂಧನವನ್ನು ನಾನು ಬರೆಯಲೇಬೇಕಾಯಿತು.

“ಗೊತ್ತಿಲ್ಲದೆ ತಪ್ಪಾದರೆ” ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾರಿನಲ್ಲಿ ಪಿಸ್ತೂಲಿದೆ ಎಂಬುದು ನಿಮಗೆ ಗೊತ್ತಿದ್ದರೆ ಅಲ್ಲಿನ ಕಾನೂನಿಗೆ ಅಷ್ಟು ಸಾಕು. ಅದು ನಿಷಿದ್ಧವೆಂದು ಗೊತ್ತಿತ್ತೇ ಎಂದು ಯಾರೂ ಕೇಳುವುದಿಲ್ಲ. ಅಲ್ಲದೆ ಈ ಪ್ರಶ್ನೆ ಕೇಳಿದ ಮೇಲೆ ನೀವು ಗೊತ್ತಿಲ್ಲದವರೂ ಅಲ್ಲ. ಯಾವ ಪೆಟ್ಟಿಗೆ, ಯಾವ ಬೀಗ ಎಂಬ ನಿಮ್ಮ ಉಳಿದ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ. ಮುಂದಿನ ತಿಂಗಳ ಉಪನಯನಕ್ಕೆ ಪಿಸ್ತೂಲು ಬೇಕಿಲ್ಲ. ಗೋಡೆಗೆ ಬೋಲ್ಟು ಹಾಕಿ ಕೂರಿಸುವ ಉಕ್ಕಿನ ತಿಜೋರಿಯೊಂದನ್ನು ಈ ವಾರವೇ ತಂದು, ಅದರೊಳಗಿಟ್ಟು ಹೊರಡಿ. ನಾನು ಅದನ್ನು ಕೊಂಡದ್ದು ಒಳಗಿಡಲು ಏನೂ ಉಳಿಯದಿದ್ದ ಮೇಲೆ. ಈಗ ಅದರಲ್ಲಿ ಮನೆಯವರೆಲ್ಲರ ಪಾಸ್‌ಪೋರ್ಟುಗಳಿವೆ.