ಸೇನೆಯಿಂದ ನಿವೃತ್ತಿಯಾಗಿ ಸಣ್ಣ ಊರಿಗೆ ಬರುತ್ತಿದ್ದೇನೆ. ಊರಿಗೆ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ಮುಂದಿನ ವರ್ಷ ಹವಾಲ್ದಾರ್ ಆಗಿ ಪಿಂಚಣಿಗೆ ಬರುತ್ತೇನೆ, ಊರಲ್ಲಿ ಸಮಾಜಸೇವೆ ಮಾಡುವ ಆಸೆ ಇದೆ, ದಾರಿ ತೋಚುತ್ತಿಲ್ಲ ಅಂತ ಬರೆದಿದ್ದೀರಿ. ನಾನೂ ಇದೇ ದಾರಿಯಲ್ಲಿ ಬಂದವನು. ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ 28 ವರ್ಷ ಇದ್ದು 2017ರಲ್ಲಿ ನಾಯಬ್ ಸುಬೇದಾರ್ ಆಗಿ ಹೊರಗೆ ಬಂದೆ. ಗದಗ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಬಂದ ಎರಡೇ ತಿಂಗಳಿಗೆ ಊರ ಕೆರೆಗೆ ಕೈ ಹಾಕಿದೆ. ಹೂಳು ತುಂಬಿತ್ತು, ಏರಿ ಮೇಲೆ ಜಾಲಿ ಬೆಳೆದಿತ್ತು. ಸೇತುವೆ ಕಟ್ಟಿದವನಿಗೆ ಇದೇನು ದೊಡ್ಡದು ಅನ್ನಿಸಿತು. ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿ ಅಂತ ಮನೆಮನೆಗೆ ಹೋಗಿ ಹೇಳಿದೆ. ಮೊದಲ ವಾರ ನಲವತ್ತು ಜನ ಬಂದರು. ಆರೂವರೆಗೆ ಬಂದವರನ್ನು ತಡ ಯಾಕೆ ಅಂತ ಕೇಳಿದೆ, ಯುನಿಟ್‌ನಲ್ಲಿ ಸಾಲಾಗಿ ನಿಲ್ಲುವ ಹಾಜರಿ‌ಗೆ ತಡವಾದ ಹುಡುಗರನ್ನು ಕೇಳುವ ಹಾಗೆಯೇ, ಎಲ್ಲರ ಎದುರಿಗೆ. ಮೂರನೇ ವಾರಕ್ಕೆ ಮೂರೇ ಜನ. ಈ ಊರಿನವರೇ ಸರಿ ಇಲ್ಲ ಅಂತ ಮನೆಯಲ್ಲಿ ಕೂಗಾಡಿದೆ. ಆಗ ಹೆಂಡತಿ ಒಂದೇ ಮಾತು ಹೇಳಿದಳು. "ವರ್ಷಕ್ಕ ಎರಡು ತಿಂಗಳ ರಜಾದಾಗ ಬಂದು ಹೋದವರು ನೀವು. ಅರ್ಧ ಮಂದಿ ಹೆಸರು ಸೈತ ಗೊತ್ತಿಲ್ಲ ನಿಮಗ."

ಆ ಮಾತು ನಿಜವಾಗಿತ್ತು. ಕೆರೆ ಬಿಟ್ಟೆ. ಆರು ತಿಂಗಳು ಏನೂ ಹೊಸದು ಶುರು ಮಾಡಲಿಲ್ಲ. ಸುಮ್ನೆ ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಹತ್ತಿರದ ಕಟ್ಟೆ ಮೇಲೆ ಕೂತೆ, ಮಾತು ಕೇಳಿದೆ.

ಕೆಲಸ ತಾನಾಗಿಯೇ ಹುಡುಕಿಕೊಂಡು ಬಂತು. ಒಬ್ಬ ಸಿಪಾಯಿಯ ಹೆಂಡತಿ, ಎಪ್ಪತ್ತು ದಾಟಿದ ಅಜ್ಜಿ, ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ಬಂದಳು. ಗಂಡ ತೀರಿ ಒಂದು ವರ್ಷ ಆದರೂ ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ಕಾಗದ ಬಿಚ್ಚಿ ನೋಡಿದರೆ, ಸೇನೆಯ ರೆಕಾರ್ಡಿನಲ್ಲಿ ಆಕೆಯ ಹೆಸರು 'ಅವ್ವ' ಅಂತ ಮುಗಿಯುತ್ತದೆ, ಆಧಾರ್‌ನಲ್ಲಿ 'ಅಮ್ಮ' ಅಂತ ಇದೆ. ಅಷ್ಟೇ. ನಮ್ಮ ಕಡೆ ಎರಡೂ ಒಂದೇ ಹೆಸರು, ಕಂಪ್ಯೂಟರಿಗೆ ಮಾತ್ರ ಇಬ್ಬರು ಹೆಂಗಸರು. ಅಫಿಡವಿಟ್, ಡಿಸ್ಚಾರ್ಜ್ ಬುಕ್ ನಕಲು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಪತ್ರ, ಇವೆಲ್ಲ ಸೇರಿಸಿ ಕಳಿಸಿದೆವು. ಐದು ತಿಂಗಳು ಹಿಡಿಯಿತು. ಹಣ ಬಂತು, ಹಿಂದಿನ ಬಾಕಿಯೂ ಬಂತು.

ಆಮೇಲೆ ಸುತ್ತಲಿನ ಹಳ್ಳಿಗಳಿಂದಲೂ ಬರತೊಡಗಿದರು. ಜಾಸ್ತಿ ಜನ ಬರುವುದು ಜೀವನ ಪ್ರಮಾಣ ಪತ್ರಕ್ಕೆ, ಅಂದರೆ ಪಿಂಚಣಿ ಪಡೆಯುವವರು ಬದುಕಿದ್ದಾರೆ ಅನ್ನುವ ದಾಖಲೆಗೆ. ವರ್ಷಕ್ಕೊಮ್ಮೆ ಅದನ್ನು ಕೊಡದಿದ್ದರೆ ಪಿಂಚಣಿ ನಿಂತುಬಿಡುತ್ತದೆ. ಹೊಲದಲ್ಲಿ ಹತ್ತಿ ಬಿಡಿಸಿ, ಕಸ ತೆಗೆದು ಬೆರಳ ಗೆರೆಗಳೇ ಸವೆದಿರುತ್ತವೆ, ಬೆರಳಚ್ಚಿನ ಯಂತ್ರ ಹಿಡಿಯುವುದಿಲ್ಲ. ಒಬ್ಬ ಅಜ್ಜಿಯ ಹತ್ತೂ ಬೆರಳು ಒರೆಸಿ ಒರೆಸಿ ಇಟ್ಟೆ, ಆಗಲಿಲ್ಲ. ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ಫೋನ್ ಮುಖದ ಮುಂದೆ ಹಿಡಿದು ಕಣ್ಣು ಮಿಟುಕಿಸಿ ಅಂದೆ. ಮಿಟುಕಿಸಿದಳು, ಆಯಿತು. "ಕಣ್ಣ ಮಿಟುಕಿಸಿದ್ರ ಸಾಕೇನಪ್ಪಾ, ನಾ ಬದುಕೇನಿ ಅಂತ ಆತೇನು?" ಅಂತ ಕೇಳಿದಳು. ಆವತ್ತು ಮನೆಗೆ ಹೋಗುವಾಗ ನನಗೆ ಆದ ಸಮಾಧಾನ ಕೆರೆ ಕೆಲಸದ ಮೊದಲ ಭಾನುವಾರವೂ ಆಗಿರಲಿಲ್ಲ.

ಇನ್ನು ಹುಡುಗರು. ನೀವು ಊರಿಗೆ ಬಂದ ಮರುದಿನವೇ ಬಾಗಿಲಿಗೆ ಬರುತ್ತಾರೆ, ನೋಡಿ. ಆರ್ಮಿ ಸೇರಬೇಕು, ಓಡಿಸಿ ಸರ್ ಅಂತ. ಖುಷಿಯಿಂದ ಮಾಡಿ. ಸೇನೆಯ ನೇಮಕಾತಿ ರ್‍ಯಾಲಿಯಲ್ಲಿ 1600 ಮೀಟರ್ 5 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದರೆ ಪೂರ್ತಿ 60 ಅಂಕ, ಹತ್ತು ಪುಲ್ ಅಪ್ಸ್‌ಗೆ 40. ಹಳ್ಳಿ ಹುಡುಗರಿಗೆ ದಮ್ಮು ಇದೆ, ವೇಗದ ಲೆಕ್ಕ ಗೊತ್ತಿಲ್ಲ. 400 ಮೀಟರಿನ ನಾಲ್ಕು ಸುತ್ತಿನಲ್ಲಿ ಮೊದಲ ಸುತ್ತು 70 ಸೆಕೆಂಡಿಗೆ ಹಾರಿಬಿಡುತ್ತಾರೆ, ಮೂರನೇ ಸುತ್ತಿಗೆ ಬಾಯಿ ಬಿಡುತ್ತಾರೆ. ಒಂದೊಂದು ಸುತ್ತು 82 ಸೆಕೆಂಡಿಗೆ ಓಡು ಅಂತ ಕಲಿಸುವುದಕ್ಕೇ ನನಗೆ ಎರಡು ತಿಂಗಳು ಬೇಕಾಗುತ್ತದೆ. ಓಟದ ಜೊತೆ ಓದಿಗೂ ಕೂರಿಸಿ, ಯಾಕೆಂದರೆ ಈಗ ಆನ್‌ಲೈನ್ ಪರೀಕ್ಷೆ ಮೊದಲು, ರ್‍ಯಾಲಿ ಆಮೇಲೆ. ಮತ್ತೆ ಒಂದು ಮಾತು ಮುಚ್ಚಿಡಬೇಡಿ. 2022ರಿಂದ ಸೇರುವವರು ಅಗ್ನಿವೀರರು, ನಾಲ್ಕು ವರ್ಷದ ಸೇವೆ, ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನರನ್ನು. ನಮಗೆ ಸಿಕ್ಕ ಹಾಗೆ ಎಲ್ಲರಿಗೂ ಪಿಂಚಣಿ ಇಲ್ಲ. ಅದನ್ನು ಹುಡುಗನಿಗೂ ಹೇಳಿ, ಅವನ ಅಪ್ಪನನ್ನು ಕೂರಿಸಿಕೊಂಡೂ ಹೇಳಿ. ಆಯ್ಕೆಯಾಗದ ಹುಡುಗ ಮುಖ ತೋರಿಸದೆ ತಪ್ಪಿಸಿಕೊಂಡು ಓಡಾಡುತ್ತಾನೆ, ಅವನನ್ನು ಹುಡುಕಿಕೊಂಡು ಹೋಗಬೇಕಾದವರು ನೀವೇ.

ಅಣ್ಣಾ ಹಜಾರೆ ಅಂದರೆ ಜನರಿಗೆ 2011ರ ಉಪವಾಸ ನೆನಪಾಗುತ್ತದೆ. ನಮ್ಮಂಥವರು ನೋಡಬೇಕಾದ್ದು ಅದಕ್ಕಿಂತ ತುಂಬಾ ಹಿಂದಿನದು. ಸೇನೆ ಸೇರಿ ಟ್ರಕ್ ಓಡಿಸುತ್ತಿದ್ದವರು, 1965ರ ಯುದ್ಧದಲ್ಲಿ ಖೇಮ್‌ಕರಣ್‌ನಲ್ಲಿ ಬದುಕಿ ಉಳಿದವರು. 1975ರಲ್ಲಿ ಮಹಾರಾಷ್ಟ್ರದ ರಾಳೇಗಣ ಸಿದ್ಧಿಗೆ ವಾಪಸ್ ಬಂದಾಗ ಊರಲ್ಲಿ ನೀರಿಲ್ಲ, ಸಾರಾಯಿ ಇದೆ. ಅವರು ಮೊದಲು ಮಾಡಿದ್ದು ತಮ್ಮ ದುಡ್ಡು ಹಾಕಿ ಊರ ಯಾದವಬಾಬಾ ಗುಡಿ ರಿಪೇರಿ. ಜನ ಬಂದು ಕೂರಲು ಒಂದು ಜಾಗ ಆಯಿತು. ಒಡ್ಡು, ಗಿಡ, ಅಂತರ್ಜಲ ಎಲ್ಲ ಆಮೇಲೆ. ಕುಡಿದು ಬಂದವರನ್ನು ಕಂಬಕ್ಕೆ ಕಟ್ಟಿ ಹೊಡೆದದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಊರು ನಮ್ಮ ಸೇನಾ ತುಕಡಿ ಅಲ್ಲ, ಇಲ್ಲಿ ಯಾರೂ ನಮ್ಮ ಕೈಕೆಳಗೆ ಇಲ್ಲ.

ಅಂದ ಹಾಗೆ ಆ ಕೆರೆ ಕೆಲಸವೂ ಮುಂದೆ ಆಯಿತು. ಮೂರು ವರ್ಷ ಬಿಟ್ಟು, ಏಪ್ರಿಲ್‌ನಲ್ಲಿ. ಈ ಸಲ ಯಾರನ್ನೂ ಕರೆಯಲಿಲ್ಲ. ಹೂಳು ಹೊಲಕ್ಕೆ ಒಳ್ಳೆಯದು, ಬೇಕಾದವರು ಒಯ್ಯಬಹುದಾ ಅಂತ ಪಂಚಾಯಿತಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಕೇಳಿ ತಂದೆ. ರೈತರು ತಾವೇ ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋದರು. ನಾನು ಎಲ್ಲಿ ಅಗೆಯಬೇಕು, ಏರಿಯಿಂದ ಎಷ್ಟು ದೂರ ಬಿಡಬೇಕು ಅಂತ ಸುಣ್ಣದಲ್ಲಿ ಗೆರೆ ಎಳೆದು ಕೊಟ್ಟೆ, ಅಷ್ಟೇ.

ಊರ ಕೆಲಸದ ದುಡ್ಡು ಕೈಯಲ್ಲಿ ಹಿಡಿಯಬೇಡಿ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಬರುತ್ತಾರೆ, ಎಲ್ಲರಿಗೂ ಚಹಾ ಕೊಟ್ಟು ಕಳಿಸಿ. ಮತ್ತೆ ಮನೆಯವರನ್ನು ಮರೆಯಬೇಡಿ ದಯವಿಟ್ಟು. ನಾವು ಗಡಿಯಲ್ಲಿದ್ದಾಗ ಮಕ್ಕಳ ಜ್ವರ, ಅಪ್ಪ ಅಮ್ಮನ ಆಸ್ಪತ್ರೆ, ಸಾಲ, ಎಲ್ಲ ಒಬ್ಬಳೇ ನೋಡಿಕೊಂಡವಳು ಹೆಂಡತಿ. ಈಗ ಊರಿನ ಹೆಸರಲ್ಲಿ ಮತ್ತೆ ಒಬ್ಬಳನ್ನೇ ಬಿಡುವುದು ನ್ಯಾಯ ಅಲ್ಲ, ಅಲ್ವಾ? ನನ್ನ ಕೆಲಸ ಮಧ್ಯಾಹ್ನದವರೆಗೆ ಮಾತ್ರ. ಸಂಜೆ ಇಬ್ಬರೂ ಏರಿ ಮೇಲೆ ನಡೆಯುತ್ತೇವೆ.

ನಿಮಗೆ ಇನ್ನೂ ಒಂದು ವರ್ಷ ಸಮಯ ಇದೆ. ಈ ವಾರವೇ ಯುನಿಟ್ ಕ್ಲರ್ಕ್ ಹತ್ತಿರ ಹೋಗಿ, ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನ ಸೈನಿಕನ ವಿವರ ದಾಖಲಿಸುವ ಪಾರ್ಟ್ ಟು ಆರ್ಡರ್‌ನಲ್ಲಿ ಹೇಗಿದೆ ಅಂತ ಅಕ್ಷರ ಅಕ್ಷರ ಆಧಾರ್ ಜೊತೆ ಇಟ್ಟು ನೋಡಿ. ತಪ್ಪಿದ್ದರೆ ಅಲ್ಲೇ ಸರಿ ಮಾಡಿಸಿ. ನಿಮ್ಮ ಜೊತೆ ಬರುತ್ತಿರುವ ಬ್ಯಾಚಿನವರಿಗೂ ತೋರಿಸಿಕೊಡಿ.