ಮನೆ ಅಂಗಳಕ್ಕೆ ಕಾಂಕ್ರೀಟ್ ಹಾಕಿಸೋದು ಒಳ್ಳೆಯದಾ, ಟೈಲ್ಸಾ?

ಮಳೆಗೆ ಕೆಸರು, ಬಿಸಿಲಿಗೆ ಧೂಳು, ಜೊತೆಗೆ ಸೊಳ್ಳೆ. ಅದಕ್ಕೇ ಮನೆ ಸುತ್ತಲಿನ ಮಣ್ಣನ್ನೆಲ್ಲ ಮುಚ್ಚಿಸಬೇಕು, ಮುಂದಿನ ವಾರ ಮೇಸ್ತ್ರಿ ಬರ್ತಾರೆ ಅಂತ ಬರೆದಿದ್ದೀರಿ. 11 ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ.

ನಮ್ಮ ಬಡಾವಣೆ ಆಗ ತಾನೇ ಬೆಳೆಯುತ್ತಿತ್ತು. ಅಕ್ಕಪಕ್ಕದವರ ಅಂಗಳವೆಲ್ಲ ನುಣ್ಣಗಾಗಿತ್ತು, ನಮ್ಮದು ಮಾತ್ರ ಮಣ್ಣು. ನಡುವೆ ಅಪ್ಪ ನೆಟ್ಟ ಮರ. ಕೆಲಸ ಶುರುವಾದ ದಿನ ಮೇಸ್ತ್ರಿ ಬುಡದ ಹತ್ತಿರ ನಿಂತು, "ಇಲ್ಲಿ ಎಷ್ಟು ಬಿಡಲಿ ಸಾರ್?" ಅಂದರು. "ಒಂದಡಿ ಸಾಕು" ಅಂದೆ.

ಆ ಒಂದಡಿಯೇ ನನ್ನ ತಪ್ಪು. ಬೇರು ನೆಟ್ಟಗೆ ಕೆಳಗೆ ಇಳಿಯುತ್ತೆ, ಬುಡಕ್ಕೆ ನೀರು ಹಾಕಿದರೆ ಮರ ಕುಡಿಯುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅವು ಕೊಂಬೆಗಳ ಹರವನ್ನೂ ದಾಟಿ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ನಾವು ಮೊದಲು ಮಣ್ಣನ್ನು ದಮ್ಮಸು ಹೊಡೆದು ಗಟ್ಟಿ ಮಾಡಿದೆವು, ಗಾಳಿ ಹೋಯಿತು. ಮೇಲೆ ಕಾಂಕ್ರೀಟ್ ಸುರಿದೆವು, ನೀರೂ ಹೋಯಿತು. ಆಮೇಲೆ ದಿನಾ ಬೆಳಿಗ್ಗೆ ಆ ಒಂದಡಿ ಜಾಗಕ್ಕೆ ಒಂದು ಬಕೆಟ್ ನೀರು ಹಾಕುತ್ತಿದ್ದೆ. ಅಲ್ಲಿದ್ದದ್ದು ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರುಗಳು. ಕುಡಿಯುವ ಬೇರೆಲ್ಲ ಕಾಂಕ್ರೀಟಿನ ಅಡಿಯಲ್ಲಿ ಒಣಗುತ್ತಿತ್ತು.

ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಎರಡನೇ ವರ್ಷ ತುದಿ ಕೊಂಬೆಗಳು ಬೋಳಾದವು. ಮೂರನೇ ವರ್ಷ ಚಿಗುರಿದ ಎಲೆ ಬೆರಳಿನ ಉಗುರಿನಷ್ಟಿತ್ತು. ನಾಲ್ಕನೇ ವರ್ಷ ತೊಗಟೆ ಮುಟ್ಟಿದರೆ ರಟ್ಟಿನ ಹಾಗೆ ಕಿತ್ತು ಬಂತು. ಕಡಿಸಬೇಕಾಯಿತು.

ನೆರಳು ಹೋದ ಮೇಲೆ ಶುರುವಾಯಿತು ನೋಡಿ ಸೆಕೆ. ರಾತ್ರಿ 10 ಗಂಟೆಗೆ ಬರಿಗಾಲಲ್ಲಿ ಅಂಗಳಕ್ಕೆ ಇಳಿದರೂ ನೆಲ ಬೆಚ್ಚಗೆ. ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಿಡುತ್ತೆ. ನಗರದ ರಾತ್ರಿ ಸುತ್ತಲಿನ ಹಳ್ಳಿಗಿಂತ ಬಿಸಿ ಅಂತ ಲಂಡನ್ನಿನಲ್ಲಿ ಹವಾಮಾನ ಗಮನಿಸುತ್ತಿದ್ದ ಲ್ಯೂಕ್ ಹೋವರ್ಡ್ ಸುಮಾರು 200 ವರ್ಷದ ಹಿಂದೆಯೇ ಅಳೆದು ತೋರಿಸಿದ್ದರು. ನನಗೆ ಅದು ಅಂಗಾಲಿಗೆ ತಾಗಿದ ಮೇಲೆ ಗೊತ್ತಾಯಿತು. ಅಂಗಳದ ಕಡೆ ಕಿಟಕಿಯಿದ್ದ ಕೋಣೆಯಲ್ಲಿ ಅಮ್ಮನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಎಸಿ ಹಾಕಿಸಿದೆ. ಅದು ಒಳಗಿನ ಬಿಸಿಯನ್ನು ಪಕ್ಕದ ಮನೆಯ ಕಿಟಕಿಗೆ ಊದಿತು.

ನೀರಿನದು ಇನ್ನೊಂದು ಕಥೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಅಂಗಳ 80 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 4,000 ಲೀಟರ್! ನೀರು ಹರಿದು ಹೋಗಲಿ ಅಂತ ರಸ್ತೆ ಕಡೆಗೆ ವಾಟ ಕೊಡಿಸಿದ್ದವನು ನಾನೇ. ಪ್ರತಿ ಮನೆಯವರೂ ಹಾಗೇ ಮಾಡಿದ್ದರು. ಬೀದಿಯ ತಗ್ಗಿನ ಮನೆಯ ಅಜ್ಜಿ ಮೊಣಕಾಲುದ್ದ ನೀರಲ್ಲಿ ನಿಂತು ಬಕೆಟಿನಲ್ಲಿ ಎತ್ತಿ ಹಾಕುತ್ತಿದ್ದರು. ಆ ನೀರಲ್ಲಿ ನಮ್ಮ ಅಂಗಳದ್ದೂ ಇತ್ತು, ಅಲ್ವಾ?

ಹಾಗಾಗಿ ಕಾಂಕ್ರೀಟಾ ಟೈಲ್ಸಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕೆಸರಾಗೋದು ಮಣ್ಣು ಇರೋದಕ್ಕಲ್ಲ, ಮಣ್ಣು ಬೋಳಾಗಿರೋದಕ್ಕೆ. ಹುಲ್ಲು ಬರಲಿ, ಒಣಗಿದ ಎಲೆ ಅಲ್ಲೇ ಹಾಸಿರಲಿ, ಧೂಳೂ ಏಳಲ್ಲ. ಓಡಾಡುವಲ್ಲಿ ಚಪ್ಪಡಿ ಕಲ್ಲು ಬಿಡಿಬಿಡಿಯಾಗಿ ಇಡಿ. ಕಾರು ನಿಲ್ಲಿಸುವುದಿದ್ದರೆ ಚಕ್ರ ಹಾಯುವ ಎರಡು ಪಟ್ಟಿ ಸಾಕು. ಪೇವರ್ಸ್ (ನೆಲಕ್ಕೆ ಜೋಡಿಸುವ ಸಿಮೆಂಟ್ ಬಿಲ್ಲೆ) ಹಾಕಿಸಲೇಬೇಕು ಅಂದರೆ ಅಡಿಗೆ ಜಲ್ಲಿ, ಮರಳು ಹಾಸಿಸಿ, ಸಂದುಗಳಿಗೆ ಸಿಮೆಂಟ್ ಮೆತ್ತಿಸಬೇಡಿ. ಮೆತ್ತಿದರೆ ಅದೂ ಕಾಂಕ್ರೀಟೇ. ಇನ್ನು ಸೊಳ್ಳೆ ಹುಟ್ಟೋದು ದಿನಗಟ್ಟಲೆ ನಿಂತ ನೀರಲ್ಲಿ. ಒಂದೆರಡು ದಿನದಲ್ಲಿ ಇಂಗಿ ಹೋದರೆ ಮರಿಗಳು ಬೆಳೆಯೋಕೇ ಆಗಲ್ಲ.

ಎರಡು ವರ್ಷದ ಹಿಂದೆ ಅರ್ಧ ಅಂಗಳ ಒಡೆಸಿದೆ. ಅಡಿಯ ಮಣ್ಣು ಇಟ್ಟಿಗೆಯಂತಿತ್ತು, ಒಂದು ಎರೆಹುಳುವೂ ಇರಲಿಲ್ಲ. ಒಣ ಎಲೆ ಸುರಿದು ಸುಮ್ನೆ ಬಿಟ್ಟೆ. ಎರಡನೇ ಮಳೆಗಾಲಕ್ಕೆ ಹುಳು ಬಂದವು. ಅಪ್ಪನ ಮರವಿದ್ದ ಕಡೆ ನೆಟ್ಟ ಸಸಿ ಈಗ ನನ್ನ ಸೊಂಟದವರೆಗೆ ಬಂದಿದೆ. ಅಮ್ಮನ ಕಿಟಕಿಗೆ ಅದರ ನೆರಳು ಬೀಳೋಕೆ ಇನ್ನೂ ಎಷ್ಟೋ ವರ್ಷ ಬೇಕು.

ನಿಮ್ಮ ಅಂಗಳದಲ್ಲಿ ಮರ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಮುಂದಿನ ವಾರದವರೆಗೆ ಕಾಯಬೇಡಿ, ಇವತ್ತೇ ಮೇಸ್ತ್ರಿಗೆ ಫೋನ್ ಮಾಡಿ ಬರಬೇಡಿ ಅಂತ ಹೇಳಿ.