ಅಂಗಡಿಯಲ್ಲಿ ಕೂತ ಎರಡು ವರ್ಷ ಇಂಟರ್ವ್ಯೂನಲ್ಲಿ ಹೇಳುದಾ ಬೇಡ್ವಾ?

"ಅಕ್ಕಾ, ನನಗೆ 24 ವರ್ಷ, ಬ್ರಹ್ಮಾವರದ ಹತ್ರ ಮನೆ. ಬಿಕಾಂ ಮುಗಿದು ಸ್ವಲ್ಪ ಸಮಯಕ್ಕೆ ಅಪ್ಪನಿಗೆ ಬೈಪಾಸ್ ಆಯ್ತು, ಹಾಗಾಗಿ ಎರಡು ವರ್ಷ ನಮ್ಮ ಹಾರ್ಡ್‌ವೇರ್, ಸಿಮೆಂಟ್ ಅಂಗಡಿಯಲ್ಲಿ ಕೂತೆ. ಈಗ ಅಪ್ಪ ಹುಷಾರಿದ್ದಾರೆ, ನಾನು ಮಂಗಳೂರಲ್ಲಿ ಅಕೌಂಟ್ಸ್ ಕೆಲಸ ಹುಡುಕ್ತಾ ಇದ್ದೇನೆ. ಎರಡು ಇಂಟರ್ವ್ಯೂ ಆಯ್ತು. ಎರಡರಲ್ಲೂ 'ಈ ಎರಡು ವರ್ಷ ಎಂತ ಮಾಡಿದ್ರಿ' ಅಂತ ಕೇಳಿದ್ರು, ನಾನು 'ಮನೆಯಲ್ಲಿದ್ದೆ' ಅಂದೆ, ಅವರು ಮುಖ ಮುಖ ನೋಡ್ಕೊಂಡ್ರು, ಅಲ್ಲಿಗೆ ಮುಗೀತು. ಫಸ್ಟ್ ಇಂಪ್ರೆಶನ್ನೇ ಹಾಳು. ಫ್ರೆಂಡ್ ಒಬ್ಬಳು ಅವಳ ಭಾವನ ಆಫೀಸಿಂದ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸಿ ವಾಟ್ಸಾಪ್ ಮಾಡಿದ್ದಾಳೆ. ಬುಧವಾರ ಬೆಳಿಗ್ಗೆ 10ಕ್ಕೆ ಇನ್ನೊಂದು ಇಂಟರ್ವ್ಯೂ ಉಂಟು. ತೋರಿಸ್ಲಾ?"

ತೋರಿಸ್ಬೇಡ ತಂಗಿ. ಯಾಕೆ ಅಂತ ಆಮೇಲೆ ಹೇಳ್ತೇನೆ, ಮೊದಲು ಬೇರೆ ಒಂದು ವಿಷಯ. ನೀನು "ಮನೆಯಲ್ಲಿದ್ದೆ" ಅಂದಿಯಲ್ಲ, ಅದೂ ಸುಳ್ಳೇ ಅಲ್ವಾ? ನೀನು ಮನೆಯಲ್ಲಿ ಎಲ್ಲಿ ಇದ್ದದ್ದು ಮಾರಾಯ್ತಿ, ಬೆಳಿಗ್ಗೆ ಶಟರ್ ಎತ್ತಿದ್ದು ನೀನು, ರಾತ್ರಿ ಗಲ್ಲಾ ಎಣಿಸಿದ್ದು ನೀನು. ಅಂಗಡಿಯಲ್ಲಿ ಕೂತದ್ದು ಅಂದ್ರೆ ಆಫೀಸಿನವರು ಎಂತ ಅಂದ್ಕೊಳ್ತಾರೋ ಅಂತ ನಾಚಿಕೆ ಆಯ್ತು, ಹಾಗಾಗಿ ಅದನ್ನು ಅಡಗಿಸಿದೆ. ಈಗ ಅದರ ಮೇಲೆ ಇನ್ನೊಂದು ಸುಳ್ಳು ಮುಚ್ಚಲಿಕ್ಕೆ ಹೊರಟಿದ್ದಿ.

ನಾನು ಎಷ್ಟೋ ವರ್ಷ ಅಕೌಂಟ್ಸ್ ಸೆಕ್ಷನ್‌ನಲ್ಲಿದ್ದವಳು, ಇಂಟರ್ವ್ಯೂ ಟೇಬಲಿನ ಆಚೆ ಬದಿ ಕೂತು ಅಭ್ಯಾಸ ಉಂಟು. ಓದು ಮುಗಿಸಿ ಒಂದೆರಡು ವರ್ಷ ಖಾಲಿ ಇದ್ದವರು ಬೇಕಾದಷ್ಟು ಜನ ಬರ್ತಾರೆ, ಅದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳುದಿಲ್ಲ, ಆದ್ರೆ ಅಷ್ಟು ಹೊತ್ತು ಸರಿಯಾಗಿ ಮಾತಾಡ್ತಿದ್ದ ಹುಡುಗಿ ಆ ಒಂದು ಪ್ರಶ್ನೆಗೆ ಸ್ವರ ಇಳಿಸಿ ಮೇಜು ನೋಡಿದ್ರೆ ಎಂತದೋ ಉಂಟು ಅಂತ ಆಗ್ತದೆ. ಮುಖ ಮುಖ ನೋಡ್ಕೊಂಡದ್ದು ಅದಕ್ಕೇ ಇರ್ಬೇಕು.

ಇನ್ನು ನಿನ್ನ ಅಂಗಡಿಯ ಲೆಕ್ಕ ಹಾಕುವ. ಪರ್ಚೇಸ್ ಬಿಲ್ ಎಂಟ್ರಿ ಮಾಡಿದ್ದು ಯಾರು? ಸಂಜೆ ಯುಪಿಐಯಲ್ಲಿ ಬಂದದ್ದು, ಕ್ಯಾಶ್ ಬಂದದ್ದು ತಾಳೆ ನೋಡಿದ್ದು? ಮೇಸ್ತ್ರಿಗಳು ಬಾಕಿ ಇಟ್ಟು ಮಳೆಗಾಲ ಮುಗಿಲಿ ಅಂತ ರಾಗ ಎಳೀತಾರಲ್ಲ, ಅವರ ಹತ್ರ ಮುನಿಸಾಗದ ಹಾಗೆ ದುಡ್ಡು ವಸೂಲಿ ಮಾಡಿದ್ದು? 2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟಿನ ಜಿಎಸ್‌ಟಿ 28 ಪರ್ಸೆಂಟಿಂದ 18ಕ್ಕೆ ಇಳಿದಾಗ ನಿಮ್ಮಲ್ಲಿ ಹಳೆ ಸ್ಟಾಕ್ ಇದ್ದಿರ್ಬೇಕು, ಬಿಲ್ಲಲ್ಲಿ ಹೊಸ ರೇಟು ಹಾಕ್ಬೇಕು, ಗಿರಾಕಿಗೂ ಅರ್ಥ ಮಾಡಿಸ್ಬೇಕು. ಈ ತಲೆಬಿಸಿ ಅನುಭವಿಸಿದವಳಿಗೆ ಅಕೌಂಟ್ಸ್ ಗೊತ್ತಿಲ್ಲ ಅಂತ ಯಾರು ಹೇಳುದು? ಬುಧವಾರ ಕೇಳಿದ್ರೆ ಇಷ್ಟೇ ಹೇಳು: "ಅಪ್ಪನಿಗೆ ಬೈಪಾಸ್ ಆಯ್ತು ಸರ್, ಎರಡು ವರ್ಷ ನಮ್ಮ ಹಾರ್ಡ್‌ವೇರ್ ಅಂಗಡಿ ನಾನೇ ನೋಡ್ಕೊಂಡೆ, ಬಿಲ್ಲಿಂಗ್, ಸ್ಟಾಕ್, ಬಾಕಿ ವಸೂಲಿ, ಜಿಎಸ್‌ಟಿಗೆ ಆಡಿಟರಿಗೆ ಕೊಡುವ ಲೆಕ್ಕ ಎಲ್ಲ. ಈಗ ಅಪ್ಪ ಹುಷಾರಾಗಿದ್ದಾರೆ, ಅಂಗಡಿ ಅವರೇ ನೋಡ್ತಾರೆ." ಮಾಡದ್ದನ್ನು ಸೇರಿಸ್ಬೇಡ, ಮಾಡಿದ್ದನ್ನು ಬಿಡ್ಬೇಡ. ಅಪ್ಪನ ಆಪರೇಷನ್ ಕಥೆ ಉದ್ದ ಎಳೀಬೇಡ, ಅವರು ಅಯ್ಯೋ ಪಾಪ ಅಂದು ಬಿಟ್ರೆ ಮಾತು ಅಂಗಡಿಗೆ ವಾಪಸ್ ಬರುದೇ ಇಲ್ಲ.

ಈಗ ಆ ಲೆಟರ್. ಹೆಚ್ಚಿನ ಕಂಪೆನಿಯವರು ಲೆಟರ್ ಒಂದೇ ನೋಡಿ ಬಿಡುದಿಲ್ಲ. ಪಿಎಫ್ ಯುಎಎನ್ ನಂಬರ್ ಕೇಳ್ತಾರೆ, ಅದರಲ್ಲಿ ಎಲ್ಲಿ ಎಷ್ಟು ಸಮಯ ಕೆಲಸ ಮಾಡಿದ್ದು ಅಂತ ಕಾಣ್ತದೆ. ಸಣ್ಣ ಆಫೀಸು, 20 ಜನ ಇಲ್ಲ, ಹಾಗಾಗಿ ಪಿಎಫ್ ಇಲ್ಲ ಅಂತ ನೀನು ಹೇಳಬಹುದು, ಆಗ ಸ್ಯಾಲರಿ ಸ್ಲಿಪ್ಪೋ, ಸಂಬಳ ಬ್ಯಾಂಕಿಗೆ ಬಂದ ಸ್ಟೇಟ್‌ಮೆಂಟೋ ಕೇಳಿದ್ರೆ ಎಂತ ತೋರಿಸ್ತಿ? ಮತ್ತೆ ಮಂಗಳೂರು ಎಷ್ಟು ದೊಡ್ಡ ಊರು ಹೇಳು, ಇಂಟರ್ವ್ಯೂ ಮಾಡುವವರಿಗೆ ಆ ಭಾವನ ಆಫೀಸಿನ ಆಡಿಟರ್ ಗುರ್ತ ಇದ್ರೆ ಒಂದು ಫೋನಲ್ಲಿ ಕಥೆ ಮುಗೀತು. ಕೆಲಸ ಸಿಕ್ಕಿ ಆರು ತಿಂಗಳಾದ ಮೇಲೆ ಗೊತ್ತಾದ್ರೆ ಇನ್ನೂ ಕಷ್ಟ. ಅದರ ಬದಲು ನಿಮ್ಮ ಅಂಗಡಿಯ ಲೆಕ್ಕ ನೋಡುವ ಆಡಿಟರ್ ಇದ್ದಾರಲ್ಲ, ಅವರ ಹತ್ರ ಕೇಳಿ ಅವರ ಹೆಸರನ್ನೇ ರೆಫರೆನ್ಸ್ ಕೊಡು. ನಿನ್ನ ಕೆಲಸ ಎರಡು ವರ್ಷ ನೋಡಿದವರು ಅವರೇ.

ಫಸ್ಟ್ ಇಂಪ್ರೆಶನ್ ಅಂತ ನೀನು ಇಷ್ಟು ಹೆದರುದು ಸುಮ್ಮನೆ ಅಂತ ನಾನು ಹೇಳುದಿಲ್ಲ. 2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯವರು ಒಂದು ಪ್ರಯೋಗ ಮಾಡಿದ್ರು, ಜನರಿಗೆ ಅಪರಿಚಿತರ ಮುಖದ ಫೋಟೋ ಒಂದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು ಹೊತ್ತು ತೋರಿಸಿದ್ರೂ ಸಾಕು, ಇವರನ್ನು ನಂಬಬಹುದಾ ಇಲ್ವಾ ಅಂತ ಒಂದು ಅಭಿಪ್ರಾಯ ಆಗಿಬಿಡ್ತದಂತೆ. ಆದ್ರೆ ಅಷ್ಟು ಹೊತ್ತಲ್ಲಿ ನೀನು ಎಂತ ಮಾಡ್ಲಿಕ್ಕೆ ಆಗ್ತದೆ, ಏನೂ ಇಲ್ಲ, ಅದನ್ನು ಬಿಡು. ಫೋಟೋ ಬಾಯಿ ಬಿಡುದಿಲ್ಲ, ನೀನು ಅರ್ಧ ಗಂಟೆ ಮಾತಾಡ್ಲಿಕ್ಕುಂಟು.

ನಿನ್ನ ಕೈಯಲ್ಲಿರುದು ಬಸ್ಸು. ಮಳೆಗಾಲದಲ್ಲಿ ಎಕ್ಸ್‌ಪ್ರೆಸ್ ನಂಬಿ ಲೆಕ್ಕ ಹಾಕ್ಬೇಡ, ಉಡುಪಿ ದಾಟಿದ ಮೇಲೂ 60 ಕಿಲೋಮೀಟರಿನಷ್ಟು ದಾರಿ, ಸುರತ್ಕಲಲ್ಲಿ ಒಮ್ಮೆ ನಿಂತ್ರೆ, ಕೊಟ್ಟಾರ ಚೌಕಿಯಲ್ಲಿ ನೀರು ನಿಂತ್ರೆ ಮುಗೀತು. ಆರೂವರೆಗೆಲ್ಲ ಹೊರಡು, ಬೇಗ ಮುಟ್ಟಿದ್ರೆ ಹತ್ರದ ಹೋಟೆಲಲ್ಲಿ ಒಂದು ಚಾ ಕುಡಿ, ಗೋಳಿಬಜೆ ಬೇಡ, ಎಣ್ಣೆ ಕೈಯಲ್ಲಿ ಸರ್ಟಿಫಿಕೇಟ್ ಮುಟ್ಟುದು ಬೇಡ. ಬಸ್ಸಿಗೆ ರಬ್ಬರ್ ಚಪ್ಪಲಿ, ಒಳ್ಳೆ ಚಪ್ಪಲಿ ಪ್ಲಾಸ್ಟಿಕಲ್ಲಿ ಕಟ್ಟಿ ಬ್ಯಾಗಲ್ಲಿಡು, ಒಂದು ಸಣ್ಣ ಟವೆಲ್ಲೂ. ಅಮ್ಮ ಮಲ್ಲಿಗೆ ಕೊಟ್ರೆ ಒಂದು ತುಂಡು ಮುಡಿ, ಇಡೀ ಚೆಂಡು ಬೇಡ, ಬಾಗಿಲು ಹಾಕಿದ ಎಸಿ ರೂಮಲ್ಲಿ ಶಂಕರಪುರ ಮಲ್ಲಿಗೆ ಕೆಲವರಿಗೆ ತಲೆನೋವು ತರ್ತದೆ. ಎಷ್ಟು ಬೇಗ ಹೊರಟ್ರೂ ತಡ ಆಗುವ ಹಾಗೆ ಕಂಡ್ರೆ ಬಸ್ಸಿಂದಲೇ ಫೋನ್ ಮಾಡು. ಹಾಗೆ ಫೋನ್ ಮಾಡಿ, ಅರ್ಧ ಒದ್ದೆಯಾಗಿ, ಹದಿನೈದು ನಿಮಿಷ ತಡವಾಗಿ ಬಂದ ಹುಡುಗನನ್ನು ನಾವು ಒಮ್ಮೆ ತಗೊಂಡಿದ್ದೇವೆ.

ಮಂಗಳವಾರ ರಾತ್ರಿ ಅಪ್ಪನನ್ನು ಎದುರಿಗೆ ಕೂರಿಸಿ ಆ ಅಂಗಡಿಯ ಮಾತನ್ನು ಒಮ್ಮೆ ಜೋರಾಗಿ ಹೇಳಿ ನೋಡು. ಅವರು ಬಿಟ್ಟುಹೋದದ್ದು ಎಂತಾದ್ರೂ ನೆನಪು ಮಾಡ್ತಾರೆ, ಅದನ್ನೂ ಸೇರಿಸ್ಕೋ. ಆ ವಾಟ್ಸಾಪ್ ಲೆಟರನ್ನು ಅದಕ್ಕೆ ಮೊದಲೇ ಡಿಲೀಟ್ ಮಾಡು, ಫ್ರೆಂಡಿಗೂ ಮಾಡ್ಲಿಕ್ಕೆ ಹೇಳು.